ಆನ್‌ಲೈನಲ್ಲಿ ಫಿಲ್ಲರ್ ತರಿಸಬೇಡಿ, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ

ತುಟಿ, ಕೆನ್ನೆ ಉಬ್ಬಿ ಕಾಣಲಿ ಅಂತ ಹಾಕುವ ಫಿಲ್ಲರ್ ಇಂಜೆಕ್ಷನ್‌ಗಳನ್ನು ಆನ್‌ಲೈನಲ್ಲಿ ಮಾರುತ್ತಿದ್ದಾರಲ್ಲ, ದಯವಿಟ್ಟು ತಗೊಳ್ಳಬೇಡಿ. ಡಿಸ್ಕೌಂಟ್ ಎಷ್ಟೇ ಇರಲಿ, ರಿವ್ಯೂ ಎಷ್ಟೇ ಚೆನ್ನಾಗಿರಲಿ, ಬೇಡ. ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಸಿಟ್ಟು ಅದಕ್ಕಿಂತ ಜಾಸ್ತಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಇಂಥದ್ದು ಆದವರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. "ಮುಖಕ್ಕೆ ಏನೋ ಚುಚ್ಚಿಕೊಂಡಳಂತೆ" ಅಂತ ಆಡಿಕೊಳ್ಳುತ್ತಾರೆ ಅನ್ನುವ ಭಯ. ಮಾರುವವರಿಗೆ ಆ ಭಯವೇ ಬಂಡವಾಳ.

ನಾನು ಮಾರುವವನನ್ನು ಕೇಳಬೇಕಾದ್ದನ್ನೆಲ್ಲ ಕೇಳಿಯೇ ಕೊಂಡಿದ್ದು. ಒರಿಜಿನಲ್ಲಾ? "ನೂರಕ್ಕೆ ನೂರು ಮೇಡಂ." ಒಳಗೆ ಇರುವುದು ಹೈಲುರಾನಿಕ್ ಆಸಿಡ್ (ಫಿಲ್ಲರ್‌ಗೆ ಸಾಮಾನ್ಯವಾಗಿ ಬಳಸುವ ಜೆಲ್) ತಾನೇ? "ಹೌದು ಮೇಡಂ, ಪ್ಯೂರ್." ಡಾಕ್ಟರ್ ಚೀಟಿ ಬೇಡ್ವಾ? "ಕ್ಲಿನಿಕ್‌ನವರು ನಮ್ಮ ಹತ್ರಾನೇ ತಗೊಳ್ಳೋದು, ನಿಮಗೆ ಡೈರೆಕ್ಟ್ ಕೊಡ್ತಿದ್ದೀವಿ ಅಷ್ಟೇ." ಎಷ್ಟು ಧೈರ್ಯವಾಗಿ ಹೇಳುತ್ತಾನೆ ಅಂದರೆ, ಅನುಮಾನ ಪಟ್ಟಿದ್ದೇ ತಪ್ಪು ಅನ್ನಿಸಬೇಕು, ಹಾಗೆ. ಸೂಜಿ ಕಂಡರೆ ಭಯ ಅಂದಿದ್ದಕ್ಕೆ ಸೂಜಿ ಇಲ್ಲದ ಪೆನ್ ಕೂಡ ಇದೆ, ಒತ್ತಿದರೆ ಸಾಕು ಅಂದ. ಆ ಪೆನ್‌ಗಳಲ್ಲಿ ಫಿಲ್ಲರ್ ಹಾಕಿಕೊಳ್ಳಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ನನಗೆ ತಿಳಿದಿದ್ದು ಆಮೇಲೆ. ಅದನ್ನೇ ಮಾರಿಕೊಂಡು ಕೂತವನಿಗೆ ತಿಳಿಯದೆ ಇರುತ್ತಾ?

ಹೇಗೆ ಹಾಕಿಕೊಳ್ಳಬೇಕು ಅಂತ ಒಂದು ವಿಡಿಯೋನೂ ಬಂತು. ಬಿಳಿ ಕೋಟು, ಗ್ಲೌಸ್ ಹಾಕಿದ ಹೆಂಗಸು ನಗುನಗುತ್ತಾ ಚುಚ್ಚಿ ತೋರಿಸುತ್ತಾಳೆ. ತುಟಿಯಲ್ಲಿ ರಕ್ತನಾಳ ಎಲ್ಲೆಲ್ಲಿ ಹಾದುಹೋಗುತ್ತದೆ, ಅದರೊಳಗೆ ಮದ್ದು ಹೋದರೆ ಏನಾಗುತ್ತದೆ, ಒಂದು ಮಾತಿಲ್ಲ.

ಹಾಕಿಕೊಂಡ ಮೇಲೆ ಮೇಲ್ತುಟಿಯ ಒಂದು ಬದಿ ನೋಡುನೋಡುತ್ತಲೇ ಬೆಳ್ಳಗಾಯಿತು. ಊತ ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ ತಯಾರಾಗಿದ್ದೆ. ಈ ಬಿಳುಪಿನ ಬಗ್ಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ಸುತ್ತ ನೇರಳೆ ಬಣ್ಣದ ಗೆರೆಗಳು ಬಲೆಯಂತೆ ಹರಡಿಕೊಂಡು ಮೂಗಿನ ಕಡೆ ಹತ್ತಿದವು. ಒಳಗಿನಿಂದ ಹಿಂಡಿದಂಥ ನೋವು. ಫೋಟೋ ತೆಗೆದು ಅವನಿಗೇ ಕಳಿಸಿದೆ, ಮಾರಿದವನಿಗೆ ಗೊತ್ತಿರುತ್ತೆ ಅಲ್ವಾ ಅಂತ.

"ನಾರ್ಮಲ್ ಮೇಡಂ, ಎಲ್ಲರಿಗೂ ಆಗುತ್ತೆ."

"ಐಸ್ ಇಡಿ. ರಾತ್ರಿ ಮಲಗಿ ಎದ್ರೆ ಸರಿ ಹೋಗುತ್ತೆ."

ಮಲಗಿ ಎದ್ದಿದ್ದರೆ ತುಟಿಯ ಆ ಭಾಗ ಸತ್ತುಹೋಗುತ್ತಿತ್ತು. ಇದು ನನ್ನ ಮಾತಲ್ಲ, ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದು. ಫಿಲ್ಲರ್ ರಕ್ತನಾಳದೊಳಗೆ ಹೋಗಿ ಕಟ್ಟಿಕೊಂಡರೆ ಅಲ್ಲಿಂದ ಮುಂದಕ್ಕೆ ರಕ್ತ ಹೋಗುವುದಿಲ್ಲ, ಚರ್ಮ ಕೊಳೆಯುತ್ತದೆ. ಐಸ್ ಇಟ್ಟರೆ ನಾಳ ಇನ್ನೂ ಕಿರಿದಾಗುತ್ತದೆ. ಅಂದರೆ ಅವನು ಹೇಳಿದ್ದು ಪೂರ್ತಿ ಉಲ್ಟಾ. ಡಾಕ್ಟರ್ ನನ್ನ ತುಟಿಯನ್ನು ಬೆರಳಿನಿಂದ ಒತ್ತಿ, ಬಿಟ್ಟು, ಬಣ್ಣ ವಾಪಸ್ ಬರುತ್ತಾ ಅಂತ ಕಾದು ನೋಡುತ್ತಿದ್ದರು. ಬರುತ್ತಿರಲಿಲ್ಲ. ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆ ಮೇಲಿನ ಅಕ್ಷರ ಓದಿಸಿದರು. ತುಟಿಗೆ ಹಾಕಿದ್ದಕ್ಕೆ ಕಣ್ಣು ಯಾಕೆ ಅಂತ ಕೇಳಿದೆ. ಮೂಗಿನ ಸುತ್ತಲಿನ ರಕ್ತನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಪರ್ಕ ಇದೆಯಂತೆ. ಫಿಲ್ಲರ್ ಆ ದಾರಿ ಹಿಡಿದರೆ ದೃಷ್ಟಿ ಹೋಗುತ್ತದೆ, ಹೋದದ್ದು ಹೆಚ್ಚಾಗಿ ವಾಪಸ್ ಬರುವುದಿಲ್ಲ. ಮಿದುಳಿಗೆ ಹೋದರೆ ಪಾರ್ಶ್ವವಾಯು. ಮೂಗು, ಹುಬ್ಬುಗಳ ನಡುವೆ, ಹಣೆ, ಇಲ್ಲೆಲ್ಲ ಅಪಾಯ ಇನ್ನೂ ಜಾಸ್ತಿ. ಅವನ ವಿಡಿಯೋದಲ್ಲಿ ಆ ಹೆಂಗಸು ಮೂಗಿಗೂ ಚುಚ್ಚಿಕೊಳ್ಳುತ್ತಾಳೆ!

"ಏನು ಹಾಕಿಕೊಂಡಿರಿ?" ಅಂತ ಕೇಳಿದರು. ಡಬ್ಬ ಕೊಟ್ಟೆ. ಡಬ್ಬದ ಮೇಲೆ ಒಂದು ಬ್ಯಾಚ್ ನಂಬರ್, ಸಿರಿಂಜ್ ಮೇಲೆ ಇನ್ನೊಂದು. ಎಕ್ಸ್‌ಪೈರಿ ತಾರೀಖಿನ ಜಾಗದಲ್ಲಿ ಸಣ್ಣ ಸ್ಟಿಕ್ಕರ್. ಅವರು ಉಗುರಿನಿಂದ ಅದರ ಮೂಲೆ ಎಬ್ಬಿಸಿದರು. ಅಡಿಯಲ್ಲಿ ಬೇರೆ ತಾರೀಖು, ಮುಗಿದುಹೋದದ್ದು. ನನ್ನ ಕೈಕಾಲು ತಣ್ಣಗಾದವು. ಅವರು ಬೈಯಲಿಲ್ಲ. "ಇದರೊಳಗೆ ಏನಿದೆ ಅಂತ ನನಗೆ ಗೊತ್ತಾಗಲ್ಲಮ್ಮ" ಅಂದರು. ಅಷ್ಟೇ. ಬೈದಿದ್ದರೂ ಅಷ್ಟು ಹೆದರುತ್ತಿರಲಿಲ್ಲ.

ಯಾಕೆ ಅಂದರೆ, ಕೇಳಿ. ಹೈಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಅದನ್ನು ಕರಗಿಸಲು ಹೈಲುರಾನಿಡೇಸ್ ಅನ್ನುವ ಇಂಜೆಕ್ಷನ್ ಇದೆ. ಅದು ಕರಗಿಸುವುದು ಹೈಲುರಾನಿಕ್ ಆಸಿಡ್ ಒಂದನ್ನೇ. ಒಳಗೆ ಸಿಲಿಕೋನ್ ಇದ್ದರೆ ಕರಗುವುದಿಲ್ಲ. ಕ್ಯಾಲ್ಸಿಯಂನಿಂದ ಮಾಡಿದ ಫಿಲ್ಲರ್ ಇದ್ದರೂ ಕರಗುವುದಿಲ್ಲ. ಹಾಕಿದ್ದು ಏನು ಅಂತಲೇ ಗೊತ್ತಿಲ್ಲ ಅಂದರೆ ಡಾಕ್ಟರ್ ಆದರೂ ಏನು ಮಾಡಬೇಕು? ಕತ್ತಲಲ್ಲೇ ಚಿಕಿತ್ಸೆ. ಕೊಟ್ಟು ನೋಡಿದರು, ಮತ್ತೆ ಕೊಟ್ಟರು, ಮತ್ತೆ ಕೊಟ್ಟರು. ನಿಧಾನಕ್ಕೆ ಬಣ್ಣ ಬಂತು. ತುಟಿ ಉಳಿಯಿತು. ಆದರೆ ಒಳಗೆ ಒಂದು ಗಟ್ಟಿ ಗಂಟು ಹಾಗೇ ಇದೆ, ನಾಲಿಗೆಗೆ ತಾಗುತ್ತದೆ. ಹೈಲುರಾನಿಕ್ ಆಸಿಡ್ ಮಾತ್ರ ಇದ್ದಿದ್ದರೆ ಇಷ್ಟು ಹೊತ್ತಿಗೆ ಕರಗಬೇಕಿತ್ತು ಅಂದರು. "ಪ್ಯೂರ್" ಅಂದಿದ್ದನಲ್ಲ!

ಡಬ್ಬದ ಮೇಲೆ ಹೆಸರಿದ್ದ ಕಂಪನಿಗೆ ಎರಡೂ ನಂಬರ್ ಬರೆದು ಕಳಿಸಿದೆ. ಆ ನಂಬರಿನ ಮಾಲು ತಾವು ಮಾಡೇ ಇಲ್ಲ ಅಂತ ಉತ್ತರ ಬಂತು. ಅದನ್ನು ಇವನಿಗೆ ತೋರಿಸಿದೆ. ಇವನ ಉತ್ತರಗಳು ನೋಡಿ.

"ಪ್ರಿಂಟಿಂಗ್ ಮಿಸ್ಟೇಕ್ ಮೇಡಂ."

"ಅದು ಬೇರೆ ದೇಶದ ಪ್ಯಾಕಿಂಗ್."

"ನೀವು ತಪ್ಪು ಜಾಗಕ್ಕೆ ಹಾಕಿದ್ದೀರಾ. ಪ್ರಾಡಕ್ಟ್‌ದು ತಪ್ಪಿಲ್ಲ."

"ಓಪನ್ ಮಾಡಿದ ಮಾಲು ರಿಟರ್ನ್ ಇಲ್ಲ."

ಆಮೇಲೆ ಇದು: "ಕರಗಿಸೋ ಇಂಜೆಕ್ಷನ್ನೂ ನಮ್ಮಲ್ಲಿದೆ, ಕಳಿಸ್ಲಾ?" ಮೈ ಉರಿದುಹೋಯಿತು. ಆ ಇಂಜೆಕ್ಷನ್‌ನಿಂದ ಕೆಲವರಿಗೆ ಜೋರಾದ ಅಲರ್ಜಿ ಆಗುತ್ತದೆ, ಆಸ್ಪತ್ರೆಯಲ್ಲಿ ಪಕ್ಕದಲ್ಲಿ ನಿಂತು ನೋಡಿಕೊಂಡು ಕೊಡುತ್ತಾರೆ. ಇವನು ಅದನ್ನೂ ಕೊರಿಯರ್‌ನಲ್ಲಿ ಕಳಿಸುತ್ತಾನಂತೆ. ಕೊನೆಯದು: "ಒಳ್ಳೆ ರಿವ್ಯೂ ಹಾಕಿ, ಇನ್ನೊಂದು ಸಿರಿಂಜ್ ಫ್ರೀ." ಇನ್ನೊಂದು ಸಿರಿಂಜ್! ಇಷ್ಟೆಲ್ಲ ಆದ ಮೇಲೆ! ಆ ಒಳ್ಳೊಳ್ಳೆ ರಿವ್ಯೂಗಳು ಎಲ್ಲಿಂದ ಬಂದಿದ್ದವು ಅಂತ ಆಗ ಅರ್ಥವಾಯಿತು. ದೂರು ಕೊಡುತ್ತೇನೆ ಅಂದ ಕೂಡಲೇ ಬ್ಲಾಕ್ ಮಾಡಿದ.

ಅಸಲಿ ಫಿಲ್ಲರ್ ಕಂಪನಿಗಳು ಮಾರುವುದು ವೈದ್ಯರಿಗೆ, ಪರವಾನಗಿ ಇರುವವರಿಗೆ. ಮನೆ ಬಾಗಿಲಿಗೆ ತೆಳು ಕವರ್‌ನಲ್ಲಿ ಬರುವ ವಸ್ತು ಅಲ್ಲ ಅದು. ಅದನ್ನು ಬಿಸಿಯಲ್ಲಿ ಇಡಬಾರದು, ಹೆಪ್ಪುಗಟ್ಟಲೂ ಬಿಡಬಾರದು. ನನಗೆ ಬಂದದ್ದು ದಾರಿಯಲ್ಲಿ ಎಲ್ಲೆಲ್ಲಿ ಬಿದ್ದಿತ್ತೋ.

ಯಾರಿಗಾದರೂ ಹಾಕಿಸಲೇಬೇಕು ಅಂತಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಸೀಲ್ ಇರುವ ಡಬ್ಬವನ್ನು ನಿಮ್ಮ ಎದುರಿಗೇ ಒಡೆಯಲು ಹೇಳಿ, ಡಬ್ಬದ ನಂಬರು ಸಿರಿಂಜ್ ನಂಬರು ಒಂದೇನಾ ನೋಡಿ, ಅದನ್ನು ಬರೆಸಿಕೊಳ್ಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಆನ್‌ಲೈನಲ್ಲಿ ಆಗಲೇ ತರಿಸಿದ್ದರೆ ಚುಚ್ಚಿಕೊಳ್ಳಬೇಡಿ, ದುಡ್ಡು ಹೋದರೆ ಹೋಗಲಿ. ಚುಚ್ಚಿಕೊಂಡಾಗಿದೆ, ಚರ್ಮ ಬೆಳ್ಳಗಾಗಿದೆ, ಬಲೆಯಂಥ ಗೆರೆ ಬಂದಿದೆ, ನೋವು ಏರುತ್ತಿದೆ, ಕಣ್ಣು ಮಂಜಾಗುತ್ತಿದೆ ಅಂದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ, ಡಬ್ಬ, ಸಿರಿಂಜ್ ಎರಡೂ ತಗೊಂಡು ಹೋಗಿ. ಮಾರಿದವನಿಗೆ ಮೆಸೇಜ್ ಮಾಡುತ್ತಾ ಕೂರಬೇಡಿ. ನಾನು ಹಾಗೆ ಕಳೆದ ಹೊತ್ತನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಮೊದಮೊದಲು ಎಲ್ಲ ಸರಿ ಇದ್ದು, ತಿಂಗಳುಗಳ ಮೇಲೆ ಗಂಟು, ಕೀವು ಬರುವುದೂ ಇದೆಯಂತೆ. ಆಗಲೂ ಮುಚ್ಚಿಡದೆ ಡಾಕ್ಟರ್‌ಗೆ ಹೇಳಿ.

ದೂರು ಕೊಟ್ಟಿದ್ದೇನೆ. ಚಾಟ್, ಡಬ್ಬ, ಸಿರಿಂಜ್ ಎಲ್ಲ ಎತ್ತಿಟ್ಟಿದ್ದೇನೆ. ಅವನು ಬೇರೆ ಹೆಸರಿನಲ್ಲಿ ಮತ್ತೆ ಮಾರುತ್ತಿದ್ದಾನೆ, ಅದೇ ಬಿಳಿ ಕೋಟಿನ ವಿಡಿಯೋ ಹಾಕಿಕೊಂಡು. ಅವನಿಂದ ತಗೊಂಡವರು ಇದನ್ನು ಓದುತ್ತಿದ್ದರೆ ಡಬ್ಬ ಎಸೆಯಬೇಡಿ, ನೀವೂ ದೂರು ಕೊಡಿ.