ಬೈಟಿಗೆ ಬೈಟ್ ಹೊಂದಬೇಕು: ಸಿಸಿ65 ಸಲಕರಣೆಗಳ ವಿಮರ್ಶೆ

ಹಳೆಯ ಎಂಟು ಬಿಟ್ ಕಂಪ್ಯೂಟರಿನ ತಂತ್ರಾಂಶಕ್ಕೆ ಮರುಜೀವ ಕೊಟ್ಟೆವೆಂದು ಹೇಳಿಕೊಳ್ಳಲು ನನ್ನ ಮಟ್ಟಿಗೆ ಇರುವುದು ಒಂದೇ ಪರೀಕ್ಷೆ: ನಮ್ಮ ಅಸೆಂಬ್ಲಿ ಭಾಷೆಯ ಮೂಲ ಪಠ್ಯದಿಂದ ಹೊರಬಂದ ಕಡತವು ಮೂಲ ಚಿಪ್ಪಿನಲ್ಲಿರುವುದರೊಂದಿಗೆ ಬೈಟಿಗೆ ಬೈಟ್ ಹೊಂದಬೇಕು. 6502 ಕುಟುಂಬದ ಪ್ರೊಸೆಸರ್‌ಗಳಿಗಾಗಿ ಉಚಿತವಾಗಿ ದೊರೆಯುವ ಸಿಸಿ65 ಸಲಕರಣೆಗಳನ್ನು ಇದೇ ಒರೆಗೆ ಹಚ್ಚಿ ನೋಡಿದೆ. ಆರಿಸಿಕೊಂಡದ್ದು 1982ರ ಕಮೊಡೋರ್ 64 ಯಂತ್ರದ ಬೇಸಿಕ್ ರೋಮ್ (ಬೇಸಿಕ್ ಭಾಷೆಯ ತಂತ್ರಾಂಶವಿರುವ, ಓದಲು ಮಾತ್ರ ಆಗುವ ಚಿಪ್ಪು), ಅಂದರೆ 8192 ಬೈಟ್‌ಗಳು.

ಮೊದಲ ಕೆಲಸ ಡಿಎ65 ಎಂಬ ಡಿಸ್‌ಅಸೆಂಬ್ಲರ್‌ನದು, ಅಂದರೆ ಯಂತ್ರದ ಬೈಟ್‌ಗಳನ್ನು ಮತ್ತೆ ಅಸೆಂಬ್ಲಿ ಪಠ್ಯವಾಗಿಸುವ ಸಲಕರಣೆಯದು. ಯಾವ ಭಾಗ ಆದೇಶ, ಯಾವ ಭಾಗ ದತ್ತಾಂಶ ಎಂದು ತಿಳಿಸದಿದ್ದರೆ ಅದು ಎಲ್ಲವನ್ನೂ ಆದೇಶವೆಂದೇ ಓದುತ್ತದೆ. ಈ ರೋಮ್‌ನಲ್ಲಿ 'ಎಂಡ್' ಎಂಬ ಬೇಸಿಕ್ ಪದವು 45, 4ಇ, ಸಿ4 ಎಂಬ ಮೂರು ಬೈಟ್‌ಗಳಾಗಿ (ಇಲ್ಲಿನ ಬೈಟ್, ವಿಳಾಸಗಳೆಲ್ಲ ಹದಿನಾರರ ಆಧಾರದ ಹೆಕ್ಸ್ ಅಂಕಿಗಳಲ್ಲಿವೆ) ಕುಳಿತಿದೆ. ಪದ ಮುಗಿಯಿತೆಂದು ತೋರಿಸಲು ಕೊನೆಯ ಅಕ್ಷರದ ಮೇಲಿನ ಬಿಟ್ಟನ್ನು 1 ಮಾಡಲಾಗಿದೆ. ಡಿಎ65 ಅದನ್ನು ಮೊದಲು 'ಇಒಆರ್' ಆದೇಶವೆಂದೂ ಆಮೇಲೆ 'ಸಿಪಿವೈ' ಎಂದೂ ಬರೆದುಕೊಟ್ಟಿತು. ಆದರೆ ಮಾಹಿತಿ ಕಡತದಲ್ಲಿ ವ್ಯಾಪ್ತಿಗಳನ್ನು ಗುರುತಿಸಿದ ಮೇಲೆ ಅದರ ನಿಜವಾದ ಬಲ ತಿಳಿಯುತ್ತದೆ. ಬೇಸಿಕ್ ಆದೇಶಗಳ ವಿಳಾಸ ಪಟ್ಟಿಯಲ್ಲಿ ಮೊದಲ ನಮೂದು ಎ830. 'ಎಂಡ್' ಕೆಲಸ ಆರಂಭವಾಗುವುದು ಮಾತ್ರ ಎ831ರಲ್ಲಿ. ವಿಳಾಸವನ್ನು ಸ್ಟ್ಯಾಕ್ ಎಂಬ ತಾತ್ಕಾಲಿಕ ಸಂಗ್ರಹಕ್ಕೆ ತಳ್ಳಿ, 'ಆರ್‌ಟಿಎಸ್' ಎಂಬ ಮರಳುವ ಆದೇಶದ ಮೂಲಕ ಜಿಗಿಯುವಾಗ ಪ್ರೊಸೆಸರ್ ತಾನೇ ಒಂದನ್ನು ಕೂಡಿಸಿಕೊಳ್ಳುವುದರಿಂದ ಹೀಗೆ ಒಂದು ಕಳೆದು ಬರೆಯುವುದು ಆ ಕಾಲದ ರೂಢಿ. ಇಂಥ ಪಟ್ಟಿಗಳಿಗೆಂದೇ ಡಿಎ65ರಲ್ಲಿ ಪ್ರತ್ಯೇಕ ಬಗೆಯೊಂದಿದೆ. ಹಳೆಯ ಪ್ರೋಗ್ರಾಂಗಳನ್ನು ಬಿಚ್ಚಿ ನೋಡಿದವರೇ ಇದನ್ನು ಕಟ್ಟಿದ್ದಾರೆಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಎಡವಿದ್ದು ಅಸೆಂಬ್ಲಿ ಪಠ್ಯವನ್ನು ಬೈಟ್‌ಗಳಾಗಿಸುವ ಸಿಎ65 ಅಸೆಂಬ್ಲರ್‌ನಲ್ಲಿ. ಅದು ಮೂಲವನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಓದುತ್ತದೆ. ಓದಲು ಚೆನ್ನಾಗಿರಲೆಂದು ಝೀರೋ ಪೇಜ್ (ಒಂದೇ ಬೈಟಿನ ವಿಳಾಸ ಸಾಕಾಗುವ, ಮೆಮೊರಿಯ ಮೊದಲ 256 ಬೈಟ್‌ಗಳು) ಹೆಸರುಗಳ ಘೋಷಣೆಯನ್ನು ನಾನು ಕಡತದ ಕೊನೆಗೆ ಸಾಗಿಸಿದ್ದೆ. ಹೆಸರಿನ ವಿಳಾಸ ಇನ್ನೂ ತಿಳಿಯದ ಕಾರಣ ಅಸೆಂಬ್ಲರ್ ಎರಡು ಬೈಟ್‌ಗಳ 'ಎ5 7ಎ' ಬದಲು ಮೂರು ಬೈಟ್‌ಗಳ 'ಎಡಿ 7ಎ 00' ಬರೆಯಿತು. ಎಚ್ಚರಿಕೆಯ ಸಂದೇಶ ಬಂದಿತ್ತು, ನಾನು ಲಕ್ಷ್ಯಕೊಡಲಿಲ್ಲ. ಕೆಲಸದ ಫಲ ಒಂದೇ ಆದರೂ ಪ್ರತಿಯೊಂದಕ್ಕೂ ಒಂದು ಬೈಟ್, ಪ್ರೊಸೆಸರ್ ಗಡಿಯಾರದ ಒಂದು ಆವರ್ತ ಹೆಚ್ಚು. ಅದರ ಮುಂದಿನದೆಲ್ಲ ಜಾಗ ತಪ್ಪಿತು. ಘೋಷಣೆಗಳು ಮೊದಲೇ ಬರಬೇಕೆಂಬ ಮಾತನ್ನು ಕೈಪಿಡಿಯ ಮೊದಲ ಪುಟದಲ್ಲೇ ಹೇಳಿದ್ದರೆ ಹೊಸಬರಿಗೆ ಬಹಳ ಉಪಕಾರವಾಗುತ್ತಿತ್ತು.

ಆ ತಪ್ಪನ್ನು ಹಿಡಿದುಕೊಟ್ಟದ್ದು ಭಾಗಗಳನ್ನು ಅವುಗಳ ವಿಳಾಸದಲ್ಲಿ ಜೋಡಿಸಿ ಅಂತಿಮ ಕಡತ ಕಟ್ಟುವ ಎಲ್‌ಡಿ65 ಲಿಂಕರ್. ಮೆಮೊರಿಯ ನಕ್ಷೆಯನ್ನು ಒಂದು ಸಂರಚನಾ ಕಡತದಲ್ಲಿ ಬರೆದುಕೊಟ್ಟರೆ, ಯಾವ ಭಾಗ ಎಷ್ಟು ಬೈಟ್ ಉಕ್ಕಿತೆಂದು ಅದು ಲೆಕ್ಕಹಾಕಿ ಹೇಳುತ್ತದೆ. ಈ ರೋಮ್‌ಗೆ ಇಂಥ ಕಾವಲು ಬೇಕೇಬೇಕು, ಏಕೆಂದರೆ ಅದು ತುದಿಯವರೆಗೂ ತುಂಬಿದೆ: ಕೊನೆಯ ಮೂರು ಬೈಟ್‌ಗಳು 'ಇ000ಕ್ಕೆ ಜಿಗಿ' ಎಂಬ ಆದೇಶ. ಘಾತೀಯ ಫಲನದ ಲೆಕ್ಕ ನಡುವೆಯೇ ಮುರಿದು ಇನ್ನೊಂದು ಚಿಪ್ಪಿನಲ್ಲಿ ಮುಂದುವರಿಯುತ್ತದೆ. ಘೋಷಣೆಗಳನ್ನು ಮೇಲಕ್ಕೆ ತಂದು ಮತ್ತೆ ಕಟ್ಟಿ ಎರಡೂ ಕಡತಗಳನ್ನು ಹೋಲಿಸಿದಾಗ ಒಂದು ಬೈಟಿನ ವ್ಯತ್ಯಾಸವೂ ಕಾಣಲಿಲ್ಲ. ಕಾಲೇಜಿನಲ್ಲಿ 8085 ಕಿಟ್‌ನ ಮುಂದೆ ಕುಳಿತು ಹೆಕ್ಸ್ ಕೀಲಿಗಳನ್ನು ಒಂದೊಂದಾಗಿ ಒತ್ತಿ ಕಲಿತ ನನಗೆ ಆ ಕ್ಷಣದ ಸಂತೋಷ ದೊಡ್ಡದು.

ಲಿಂಕರ್ ಬರೆದುಕೊಡುವ ಹೆಸರುಗಳ ಪಟ್ಟಿಯನ್ನು ಕಮೊಡೋರ್ ಯಂತ್ರಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ವೈಸ್ ಎಮ್ಯುಲೇಟರ್ ನೇರವಾಗಿ ಓದುತ್ತದೆಂಬುದೂ ದೊಡ್ಡ ಅನುಕೂಲ.

ಬೇರೆ ಅಸೆಂಬ್ಲರ್‌ಗೆಂದು ಬರೆದ ಮೂಲ ಕೈಯಲ್ಲಿರುವವರು ಮಾತ್ರ ಹೆಚ್ಚು ಶ್ರಮಕ್ಕೆ ಸಿದ್ಧರಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮುಕ್ತಗೊಳಿಸಿದ 6502 ಬೇಸಿಕ್ ಮೂಲವು ಪಿಡಿಪಿ-10 ಎಂಬ ಹಳೆಯ ದೊಡ್ಡ ಕಂಪ್ಯೂಟರಿನ ಮ್ಯಾಕ್ರೋ-10 ಅಸೆಂಬ್ಲರ್‌ನ ಶೈಲಿಯಲ್ಲಿದ್ದು, ಸಿಎ65 ಅದನ್ನು ಹಾಗೆಯೇ ಒಪ್ಪುವುದಿಲ್ಲ. 'ಎಲ್‌ಡಿಎಐ' ಬಗೆಯ ಆದೇಶಗಳನ್ನು ಮ್ಯಾಕ್ರೋಗಳಿಂದ (ಒಂದು ಹೆಸರಿನ ಬದಲು ಬೇರೆ ಸಾಲುಗಳನ್ನು ತುಂಬುವ ಸೂಚನೆಗಳಿಂದ) ಹೊಂದಿಸಬಹುದು. ಯಾವ ಭಾಗ ಸೇರಬೇಕೆಂದು ನಿರ್ಧರಿಸುವ ಷರತ್ತಿನ ಸಾಲುಗಳನ್ನು ಕೈಯಾರೆ ತಿದ್ದಬೇಕು. ಮೈಕಲ್ ಸ್ಟೈಲ್ (Michael Steil) ಅವರು ಇದೇ ಬೇಸಿಕ್‌ನ ಹಲವು ಆವೃತ್ತಿಗಳನ್ನು ಒಂದೇ ಮೂಲದಿಂದ ಬೈಟ್ ತಪ್ಪದಂತೆ ಕಟ್ಟುವ ಕಡತಗಳನ್ನು ಸಿಎ65 ರೂಪದಲ್ಲಿ ಬಹಳ ಹಿಂದೆಯೇ ಸಿದ್ಧಪಡಿಸಿದ್ದಾರೆ; ಹೊಸದಾಗಿ ತೊಡಗುವವರು ಅವುಗಳಿಂದಲೇ ಆರಂಭಿಸಲಿ.