ಮಾದರಿ ರೈಲಿನ ಹಳೆಯ ಇಂಜಿನ್ ತೊಳೆಯಲು ಯಾವುದು ಒಳ್ಳೆಯದು? ಬಳಸಿ ನೋಡಿದ ಮೇಲೆ

ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಕೂತಿದ್ದ ಎರಡು ಉಗಿ ರೈಲು ಇಂಜಿನ್ ಮಾದರಿಗಳು, ಕರೆಂಟಿನಲ್ಲಿ ಓಡುವ ಪುಟ್ಟವು, ನನ್ನ ಕೈಗೆ ಬಂದವು. ಎರಡೂ ಎಚ್‌ಒ ಅಳತೆಯವು, ಅಂದರೆ ನಿಜವಾದ ಇಂಜಿನ್ನಿನ 87ರಲ್ಲಿ ಒಂದು ಪಾಲು. 12 ವೋಲ್ಟ್ ಡಿಸಿ ಕೊಟ್ಟರೆ ಒಂದು ಗುಂಯ್ ಅಂದು ನಿಂತಿತು. ಇನ್ನೊಂದು ಅಷ್ಟೂ ಮಾಡಲಿಲ್ಲ.

ಮೊದಲು ಗಾಲಿಗಳು. ಒಂದಕ್ಕೆ ನುಣುಪಾದ ಉಪ್ಪು ಕಾಗದ, ಇನ್ನೊಂದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್. ಉಪ್ಪು ಕಾಗದ ಎರಡೇ ನಿಮಿಷದಲ್ಲಿ ಫಳಫಳ ಹೊಳೆಸಿತು. ಆದರೆ ಮೇಲಿನ ನಿಕಲ್ ಲೇಪನಕ್ಕೆ ಗೀರು ಬಿತ್ತು. ಸ್ವಲ್ಪ ದಿನದಲ್ಲೇ ಆ ಗೀರುಗಳಲ್ಲಿ ಕಪ್ಪು ಕೂತಿತು. ಆಲ್ಕೋಹಾಲಿಗೆ ಹತ್ತು ಹದಿನೈದು ಕಿವಿ ಕಡ್ಡಿ ಖರ್ಚಾದವು, ತಾಳ್ಮೆಯೂ ಬೇಕಾಯಿತು. ಗಾಲಿ ಮಾತ್ರ ನುಣುಪಾಗಿಯೇ ಉಳಿಯಿತು. ವರ್ಮ್ ಗೇರ್ (ಸ್ಕ್ರೂ ಎಳೆಯಂಥ ಗೇರು) ಇದ್ದರೆ ಗಾಲಿಯನ್ನು ಕೈಯಿಂದ ಬಲವಂತವಾಗಿ ತಿರುಗಿಸಬೇಡಿ, ಗೇರಿನ ಹಲ್ಲು ಮುರಿಯಬಹುದು. ಮೋಟಾರಿನ ದಂಡವನ್ನು ಬೆರಳಿನಿಂದ ತಿರುಗಿಸಿ.

ಗೇರುಗಳಲ್ಲಿ ಕತೆ ಬೇರೆ. ಅಲ್ಲಿ ಹಳೆ ಎಣ್ಣೆ ಒಣಗಿ ಮೇಣದ ಹಾಗೆ ಗಟ್ಟಿಯಾಗಿತ್ತು. ಆಲ್ಕೋಹಾಲ್ ಅದನ್ನು ಮೆತ್ತಗೆ ಮಾಡಿತೇ ಹೊರತು ಕರಗಿಸಲಿಲ್ಲ. ಉಜ್ಜಿದಷ್ಟೂ ಜಿಡ್ಡು ಹರಡಿತು. ಆಮೇಲೆ ಲೈಟರಿಗೆ ತುಂಬುವ ನಾಫ್ತಾ ಹಾಕಿದೆ. ಎಣ್ಣೆಯೂ ಪೆಟ್ರೋಲಿಯಂ, ಇದೂ ಪೆಟ್ರೋಲಿಯಂ, ಅಲ್ವಾ? ಹಳೆ ಟೂತ್ ಬ್ರಷ್ ಆಡಿಸುತ್ತಿದ್ದಂತೆ ಕಂದು ನೀರಾಗಿ ಇಳಿದು ಹೋಯಿತು. ಗೇರಿಗೆ ನಾಫ್ತಾನೇ ಸರಿ ಅಂತ ನನಗೆ ಈಗ ಅನುಮಾನವಿಲ್ಲ. ಎರಡು ಎಚ್ಚರಿಕೆ ಮಾತ್ರ ಬೇಕು. ಗಾಲಿಗೆ ಹಾಕಿರುವ ರಬ್ಬರ್ ಬಳೆಯನ್ನು ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ಅದು ಉಬ್ಬುತ್ತದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಪೂರ್ತಿ ಒಣಗುವವರೆಗೆ ಕರೆಂಟು ಕೊಡಬೇಡಿ. ಮೋಟಾರಿನ ಕಿಡಿ ಸಾಕು ಹೊತ್ತಿಕೊಳ್ಳಲು.

ಗುಂಯ್ ಅಂದು ನಿಲ್ಲುತ್ತಿದ್ದ ಇಂಜಿನ್ನಿನ ರೋಗ ಇದ್ದದ್ದು ಕಮ್ಯುಟೇಟರಿನಲ್ಲಿ, ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ತಾಮ್ರದ ಬಳೆಯಲ್ಲಿ. ಅದರ ಮೂರು ತಾಮ್ರದ ತುಂಡುಗಳ ನಡುವಿನ ಸಂದಿಗಳಲ್ಲಿ ಮೋಟಾರಿನ ಕಾರ್ಬನ್ ಬ್ರಷ್ ಸವೆದ ಪುಡಿ ಎಣ್ಣೆ ಜೊತೆ ಸೇರಿ ಕಟ್ಟಿಕೊಂಡಿತ್ತು. ಕರೆಂಟು ಮೋಟಾರಿನ ತಂತಿ ಸುರುಳಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತಿತ್ತು. ಸೂಜಿಯಿಂದ ಕೆರೆದರೆ ತಾಮ್ರಕ್ಕೆ ಗೀರು ಬೀಳುತ್ತದೆ. ಮರದ ಹಲ್ಲುಕಡ್ಡಿಯಿಂದ ಬಿಡಿಸಿ, ಆಲ್ಕೋಹಾಲಿನಿಂದ ಒರೆಸಿದೆ. ಅಷ್ಟೇ ಸಾಕಾಯಿತು. ಹಳೆ ಮೋಟಾರಿನ ಅಯಸ್ಕಾಂತವನ್ನು ಸುಮ್ನೆ ಬಿಚ್ಚಬೇಡಿ, ಆ ಕಾಲದ ಆಲ್ನಿಕೋ (ಒಂದು ಬಗೆಯ ಮಿಶ್ರಲೋಹದ ಅಯಸ್ಕಾಂತ) ಹೊರಗೆ ತೆಗೆದರೆ ಶಕ್ತಿ ಕಳೆದುಕೊಳ್ಳುತ್ತದೆ.

ಇಂಜಿನ್ನಿನ ಹೊರಮೈಗೆ ಆಲ್ಕೋಹಾಲ್ ಬೇಡವೇ ಬೇಡ. ಒಂದು ಇಂಜಿನ್ನಿನ ಪಕ್ಕದಲ್ಲಿದ್ದ ಬಿಳಿ ನಂಬರು ಕಿವಿ ಕಡ್ಡಿಗೆ ಅಂಟಿ ಬಂದಾಗ ಹೊಟ್ಟೆ ಉರಿಯಿತು. ಇನ್ನೊಂದರ ಕವಚ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬಿಟ್ಟು, ಮೆತ್ತನೆಯ ಬ್ರಷ್‌ನಲ್ಲಿ ತೊಳೆದೆ. ದೂಳು ಹೋಯಿತು, ಅಕ್ಷರ ಉಳಿಯಿತು.

ಕೊನೆಗೆ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಎಣ್ಣೆಯನ್ನು ಸೂಜಿ ತುದಿಯಲ್ಲಿ ಒಂದೊಂದೇ ಹನಿ ಇಟ್ಟೆ. ಈಗ ಎರಡೂ ಓಡುತ್ತವೆ. ಉಪ್ಪು ಕಾಗದ ಕಂಡ ಗಾಲಿಗಳನ್ನು ಮಾತ್ರ ಇನ್ನೊಂದಕ್ಕಿಂತ ಜಾಸ್ತಿ ಸಲ ಒರೆಸಬೇಕಾಗಿದೆ.