ಭಾಂಡೂಪ್‌ನಿಂದ ಮರೋಳ್‌ಗೆ ಮೂರು ದಾರಿ, ಜೊತೆಗೆ ಊರಿನ ಫ್ರೀ ಬಸ್

ಬಸ್ಸು, ಟ್ರೈನು ಫ್ರೀ ಮಾಡಬೇಕೋ ಬೇಡವೋ ಅನ್ನುವ ಜಗಳದಲ್ಲಿ ಎಲ್ಲರೂ ಸರ್ಕಾರದ ಖಜಾನೆಯಿಂದ ಮಾತು ಶುರು ಮಾಡುತ್ತಾರೆ. ನಾನು ನನ್ನ ಪರ್ಸಿನಿಂದ ಶುರು ಮಾಡುತ್ತೇನೆ. ಮನೆ ಮುಂಬೈಯ ಭಾಂಡೂಪ್, ಕೆಲಸ ಅಂಧೇರಿ ಪೂರ್ವದ ಮರೋಳ್. ನಡುವೆ ಪವಾಯಿಯ ಗುಡ್ಡ, ಕೆರೆ. ಹೋಗಲು ಮೂರು ದಾರಿ: ದಾದರ್ ಸುತ್ತಿಕೊಂಡು ಲೋಕಲ್ ಟ್ರೈನಿನಲ್ಲಿ, ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೋದಲ್ಲಿ, ಇಲ್ಲಾಂದ್ರೆ ಜೆವಿಎಲ್‌ಆರ್ (ಜೋಗೇಶ್ವರಿ-ವಿಕ್ರೋಳಿ ಲಿಂಕ್ ರೋಡ್) ಮೇಲೆ ಬಸ್ಸಿನಲ್ಲಿ. ಮೂರರಲ್ಲೂ ತಿಂಗಳುಗಟ್ಟಲೆ ಓಡಾಡಿದ್ದೇನೆ. ಕರ್ನಾಟಕದ ಫ್ರೀ ಬಸ್ಸನ್ನೂ ಹತ್ತಿದ್ದೇನೆ, ಆದರೆ ಅದು ನನಗೆ ಫ್ರೀ ಅಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಲೋಕಲ್. ಸೆಕೆಂಡ್ ಕ್ಲಾಸಿನ ಕನಿಷ್ಠ ಟಿಕೆಟ್ 5 ರೂಪಾಯಿ. ಅದಕ್ಕಿಂತ ದೊಡ್ಡ ವಿಷಯ ತಿಂಗಳ ಪಾಸ್. ಇದನ್ನು ಹೆಚ್ಚು ಕಡಿಮೆ 15 ಬಿಡಿ ಟಿಕೆಟ್‌ಗಳ ಲೆಕ್ಕದಲ್ಲಿ ಇಟ್ಟಿದ್ದಾರೆ. ಕೆಲಸಕ್ಕೆ ಹೋಗುವವರು ತಿಂಗಳಿಗೆ ಹತ್ತಿರ ಹತ್ತಿರ ಐವತ್ತು ಸಲ ಟ್ರೈನ್ ಹತ್ತುತ್ತಾರೆ, ಅಂದರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಓಡಾಟ ಪುಕ್ಕಟೆ. 2014ರ ಜೂನ್‌ನಲ್ಲಿ ಈ 15ನ್ನು 30 ಮಾಡಲು ಹೊರಟಿದ್ದರು. ಮುಂಬೈಯಲ್ಲಿ ಎಷ್ಟು ಗಲಾಟೆ ಎದ್ದಿತೆಂದರೆ ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡರು. 2025ರ ಜುಲೈಯಲ್ಲಿ ದೂರದ ಟ್ರೈನುಗಳ ದರ ಏರಿದಾಗಲೂ ಲೋಕಲ್ ಮತ್ತು ಪಾಸ್ ತಂಟೆಗೆ ಹೋಗಲಿಲ್ಲ.

ಪಾಸ್ ಇದ್ದರೆ ಬುದ್ಧಿಯೇ ಬೇರೆ ಥರ ಓಡುತ್ತದೆ. ಸಂಜೆ ದಾದರ್‌ನಿಂದ ವಾಪಸ್ ಬರುವಾಗ ಮಾಟುಂಗಾದಲ್ಲಿ ಇಳಿದು, ಮಾರ್ಕೆಟ್‌ನಲ್ಲಿ ಮಂಗಳೂರು ಸೌತೆ, ಕೆಸುವಿನ ಎಲೆ ತೆಗೆದುಕೊಂಡು, ಗುರುತಿನವರು ಸಿಕ್ಕರೆ ನಿಂತು ಮಾತಾಡಿ ಮತ್ತೆ ಹತ್ತಿದರೂ ಒಂದು ಪೈಸೆ ಜಾಸ್ತಿ ಖರ್ಚಿಲ್ಲ. ಟಿಕೆಟ್ ತೆಗೆಯುವ ಹಾಗಿದ್ದರೆ ಇಳಿಯುತ್ತಲೇ ಇರಲಿಲ್ಲ. ಫ್ರೀ ಸಾರಿಗೆಯಿಂದ ಏನು ಸಿಗಬೇಕು ಅಂತ ಹೇಳುತ್ತಾರೋ ಅದರಲ್ಲಿ ಬಹುಪಾಲು ಈ ಪಾಸ್‌ನಿಂದಲೇ ಸಿಗುತ್ತದೆ.

ಆದರೆ ದುಡ್ಡು ಉಳಿದದ್ದನ್ನು ಮೈಯಿಂದ ತೀರಿಸಬೇಕು. ಭಾಂಡೂಪ್‌ನಲ್ಲಿ ಸಾಮಾನ್ಯವಾಗಿ ಸ್ಲೋ ಗಾಡಿಗಳೇ ನಿಲ್ಲುವುದು. ಬೆಳಗ್ಗೆ ಲೇಡೀಸ್ ಡಬ್ಬಾ ಥಾಣೆಯ ಆಚೆಯಿಂದಲೇ ತುಂಬಿಕೊಂಡು ಬರುತ್ತದೆ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಏನಾಯ್ತು ಅಂತ ಮುಂಬೈಯವರಿಗೆ ನೆನಪಿದೆ. ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಹಳಿಯ ಮೇಲೆ ಬಿದ್ದು ಸತ್ತರು. ದರ ಏರಿಸಿದರೆ ನೂಕುನುಗ್ಗಲು ಕಡಿಮೆಯಾಗುತ್ತದೆ ಅನ್ನುವ ಜಾಣರೂ ಇದ್ದಾರೆ. ಡೊಂಬಿವಲಿ, ಕಲ್ಯಾಣದಿಂದ ಬರುವವರಿಗೆ ಬೇರೆ ದಾರಿ ಎಲ್ಲಿದೆ? ದುಪ್ಪಟ್ಟು ಮಾಡಿದರೂ ಅದೇ ಬಾಗಿಲಲ್ಲೇ ಜೋತಾಡುತ್ತಾರೆ, ಜೇಬು ಮಾತ್ರ ಹಗುರಾಗಿರುತ್ತದೆ. ದರದಿಂದ ಜನ ಆಚೀಚೆ ಆಗುವುದು ಕೈಯಲ್ಲಿ ಇನ್ನೊಂದು ಆಯ್ಕೆ ಇದ್ದಾಗ. 2017ರ ಡಿಸೆಂಬರ್‌ನಲ್ಲಿ ಏಸಿ ಲೋಕಲ್ ಶುರುವಾದಾಗ ಎಷ್ಟೋ ಟ್ರಿಪ್‌ಗಳು ಖಾಲಿ ಓಡುತ್ತಿದ್ದವು. 2022ರ ಮೇ ತಿಂಗಳಲ್ಲಿ ಬಿಡಿ ಟಿಕೆಟ್ ದರ ಸುಮಾರು ಅರ್ಧಕ್ಕೆ ಇಳಿದದ್ದೇ ತಡ, ಜನ ಅಲ್ಲಿಗೆ ನುಗ್ಗಿದರು.

ಇನ್ನು ಮೆಟ್ರೋ. ಭಾಂಡೂಪ್‌ನಿಂದ ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ವರ್ಸೋವಾ ಕಡೆಯ ಮೆಟ್ರೋ ಹಿಡಿದು ಮರೋಳ್ ನಾಕಾ. 2014ರಲ್ಲಿ ಶುರುವಾದ ಈ ಲೈನ್ ನನ್ನ ಪಾಲಿಗೆ ವರ ಅಂತಲೇ ಹೇಳಬೇಕು. ದಾದರ್ ಸುತ್ತುವುದು ತಪ್ಪಿತು, ಸೀರೆ ಮುದ್ದೆಯಾಗದೆ ಆಫೀಸು ಮುಟ್ಟಬಹುದು. ಆದರೆ ದರ 10ರಿಂದ 40 ರೂಪಾಯಿ. ಹನ್ನೊಂದು ಚಿಲ್ಲರೆ ಕಿಲೋಮೀಟರಿನ ಲೈನಿಗೆ ಕೊಡುವ 40 ರೂಪಾಯಿಯಲ್ಲಿ ಸೆಕೆಂಡ್ ಕ್ಲಾಸ್ ಲೋಕಲ್‌ನಲ್ಲಿ ಎಷ್ಟು ದೂರ ಹೋಗಬಹುದು, ಲೆಕ್ಕ ಹಾಕಿ. ಸಂಬಳ ಪರವಾಗಿಲ್ಲ ಅನ್ನುವ ನನ್ನಂಥವರಿಗೆ ನಡೆಯುತ್ತದೆ. ನಮ್ಮ ಆಫೀಸಿನಲ್ಲಿ ಕಸ ಗುಡಿಸುವ ಮಾವ್ಶಿ (ಮರಾಠಿಯಲ್ಲಿ ಚಿಕ್ಕಮ್ಮ, ಹಾಗೇ ಕರೆಯುವುದು) ಘಾಟ್ಕೋಪರ್‌ನವರೇ, ಮನೆಯಿಂದ ನನಗಿಂತ ತುಂಬಾ ಮುಂಚೆ ಹೊರಡುತ್ತಾರೆ, ಯಾಕೆಂದರೆ ಅವರು ಮೆಟ್ರೋ ಹತ್ತುವುದಿಲ್ಲ, ಅದರ ಕೆಳಗಿನ ರಸ್ತೆಯಲ್ಲಿ ಬಸ್ ಹಿಡಿದು ಬರುತ್ತಾರೆ. ಬೇಗ ಮುಟ್ಟುವ ಗಾಡಿ ದುಡ್ಡಿದ್ದವರಿಗೆ, ತಡವಾಗುವ ಗಾಡಿ ಇಲ್ಲದವರಿಗೆ. ನನಗೆ ಇದು ಸರಿ ಕಾಣುವುದಿಲ್ಲ.

ಬಸ್ಸಿನ ಕಥೆಯಲ್ಲಿ ಎರಡು ಕಾಲ ಇವೆ. 2019ರ ಜುಲೈಯಲ್ಲಿ ಮುಂಬೈಯ ಸಿಟಿ ಬಸ್ ಓಡಿಸುವ ಬೆಸ್ಟ್ ಸಂಸ್ಥೆ ಕನಿಷ್ಠ ದರವನ್ನು 8ರಿಂದ 5ಕ್ಕೆ ಇಳಿಸಿತು, ಏಸಿ ಬಸ್ಸಿಗೆ 6. ಕೆಲವೇ ವಾರಗಳಲ್ಲಿ ಜನ ಲಕ್ಷಗಟ್ಟಲೆ ಹೆಚ್ಚಾದರು. ಸ್ಟೇಷನ್‌ನಿಂದ ಮನೆಗೆ ಶೇರ್ ಆಟೋ ಹತ್ತುತ್ತಿದ್ದವರೆಲ್ಲ ಬಸ್ಸಿಗೆ ಬಂದರು. 2025ರ ಮೇ 9ರಿಂದ ಅದೇ 5 ಹತ್ತಾಯಿತು, 6 ಹನ್ನೆರಡಾಯಿತು. ಒಬ್ಬರಿಗೆ 10 ರೂಪಾಯಿ ಏನು ಮಹಾ ಅನಿಸಬಹುದು. ಮನೆಯವರೆಲ್ಲ ಹೊರಟಾಗ ನೋಡಬೇಕು. ಈಗ ಆಟೋ ಮೀಟರ್ 26ರಿಂದ ಶುರುವಾಗುತ್ತದೆ. ಮೂವರು ಸ್ಟೇಷನ್‌ಗೆ ಬಸ್ಸಿನಲ್ಲಿ ಹೋದರೆ 30, ಆಟೋದಲ್ಲಿ 26. ಮುಂಚೆ ಬಸ್ಸಿಗೆ 15, ಆಟೋಗೆ 23 ಇತ್ತು. ಈಗ ಬಸ್ಸಿಗೆ ಯಾರು ಕಾಯುತ್ತಾರೆ? ಮೂರು ಜನಕ್ಕೆ ಒಂದು ಆಟೋ ರಸ್ತೆಗೆ ಬಿತ್ತು ಅಂದರೆ ಜೆವಿಎಲ್‌ಆರ್‌ನಂಥ ಕಡೆ ಜಾಮ್ ಇನ್ನೂ ಜಾಸ್ತಿ, ಆ ಜಾಮ್‌ನಲ್ಲಿ ಸಿಕ್ಕಿಕೊಳ್ಳುವುದು ಮತ್ತೆ ಬಸ್ಸೇ. ಅಲ್ಲಿ ಮೇಲೆ ಇನ್ನೊಂದು ಮೆಟ್ರೋ ಬೇರೆ ಕಟ್ಟುತ್ತಿದ್ದಾರೆ, ರಸ್ತೆಯ ಪಾಡು ಕೇಳಬೇಡಿ. ನನ್ನ ಮೂರು ದಾರಿಯಲ್ಲಿ ಕೂತು ಹೋಗಬಹುದಾದದ್ದು ಬಸ್ಸೊಂದೇ, ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಅಂತ ಹೇಳಲಾಗದ್ದೂ ಅದೊಂದೇ.

ಈಗ ಊರಿನ ಫ್ರೀ ಬಸ್. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅಕ್ಕ ಮೈಸೂರಿನಲ್ಲಿದ್ದಾಳೆ. ಇಬ್ಬರೂ ಒಟ್ಟಿಗೆ ನಂಜನಗೂಡಿಗೆ ಹೊರಟರೆ ಅವಳಿಗೆ ದುಡ್ಡಿಲ್ಲದ ಟಿಕೆಟ್, ನನಗೆ ದುಡ್ಡಿನ ಟಿಕೆಟ್. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು, ನನ್ನ ಆಧಾರ್‌ನಲ್ಲಿ ಭಾಂಡೂಪ್ ಇದೆ. ಅದಕ್ಕೆ ನನಗೇನೂ ಬೇಜಾರಿಲ್ಲ. ಅವಳು ಈಗ ಭಾವನ ಹತ್ತಿರ ಕೈ ಚಾಚದೆ ಹೊರಡುತ್ತಾಳೆ, ಹಬ್ಬಕ್ಕೆ, ಆಸ್ಪತ್ರೆಗೆ, ಸುಮ್ನೆ ದೇವಸ್ಥಾನಕ್ಕೂ. ಇದನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರನ್ನು ಕಂಡರೆ ಮೈ ಉರಿಯುತ್ತದೆ. ಆದರೆ ನಮ್ಮ ಹುಟ್ಟೂರು ಕಾರ್ಕಳದ ಕಡೆ. ಅಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು, ಶಕ್ತಿ ಅವುಗಳಿಗಿಲ್ಲ. ಅಮ್ಮನ ಹತ್ತಿರ ಸರಿಯಾದ ಚೀಟಿ ಇದ್ದೂ ಉಡುಪಿಗೆ ದುಡ್ಡು ಕೊಟ್ಟೇ ಹೋಗುತ್ತಾಳೆ. ಭಾವನಿಗೋ ಬೇರೆ ಸಿಟ್ಟು, 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿದಾಗ ಅದು ತಟ್ಟಿದ್ದು ಅವರಂಥವರಿಗೆ.

ಮಹಾರಾಷ್ಟ್ರದಲ್ಲಿ ಊರಿಂದೂರಿಗೆ ಓಡುವ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ 2023ರ ಮಾರ್ಚ್‌ನಿಂದ ಹೆಂಗಸರಿಗೆ ಅರ್ಧ ಟಿಕೆಟ್. ನನ್ನ ಹತ್ತಿರ ಯಾರೂ ಚೀಟಿ ಕೇಳಲಿಲ್ಲ. ಸರಳವಾಗಿದೆ, ಒಳ್ಳೆಯದು. ಆದರೆ ನನ್ನ ದಿನದ ಓಡಾಟಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ.

ಲಕ್ಸಂಬರ್ಗ್ 2020ರಲ್ಲಿ ಇಡೀ ದೇಶದಲ್ಲಿ ಬಸ್ಸು, ಟ್ರೈನು, ಟ್ರ್ಯಾಮ್ ಫ್ರೀ ಮಾಡಿತು ಅಂತ ತೋರಿಸುತ್ತಾರೆ. ಅಲ್ಲಿಯ ಒಟ್ಟು ಜನ ಏಳು ಲಕ್ಷಕ್ಕಿಂತ ಕಡಿಮೆ. ನಮ್ಮ ಲೋಕಲ್‌ನಲ್ಲಿ ದಿನಕ್ಕೆ ಅದರ ಹತ್ತು ಪಟ್ಟು ಪ್ರಯಾಣ ಆಗುತ್ತದೆ. ಅಲ್ಲಿ ಕೂಡ ಫಸ್ಟ್ ಕ್ಲಾಸಿಗೆ ದುಡ್ಡಿದೆ.

ದುಡ್ಡು ಎಲ್ಲಿಂದ ಅಂತ ಕೇಳುವವರಿಗೆ ಒಂದು ಮಾತು. 2024ರ ಅಕ್ಟೋಬರ್‌ನಲ್ಲಿ ಮುಂಬೈಗೆ ಬರುವ ಐದೂ ಟೋಲ್ ನಾಕಾಗಳಲ್ಲಿ ಕಾರುಗಳಿಗೆ ಟೋಲ್ ಮನ್ನಾ ಆಯಿತು. ನಮ್ಮ ಪಕ್ಕದ ಮುಲುಂಡ್ ನಾಕಾದಲ್ಲಿ 45 ರೂಪಾಯಿ ಕೊಡುತ್ತಿದ್ದವರು ಈಗ ಸೊನ್ನೆ ಕೊಡುತ್ತಾರೆ. ಸಾವಿರಾರು ಕೋಟಿ ಸುರಿದು ಕಟ್ಟಿದ ಕೋಸ್ಟಲ್ ರೋಡಿಗೂ ಟೋಲ್ ಇಲ್ಲ. ಟೋಲ್ ಹೋಗಿ ಏಳು ತಿಂಗಳು ತುಂಬುವ ಮುಂಚೆ ಬಸ್ ದರ ದುಪ್ಪಟ್ಟಾಯಿತು. ಕಾರಿಗೆ ಫ್ರೀ ಕೊಟ್ಟಾಗ ಖಜಾನೆಯ ಚಿಂತೆ ಯಾರೂ ಮಾಡಲಿಲ್ಲ, ಅಲ್ವಾ?

ಇಷ್ಟೆಲ್ಲ ಓಡಾಡಿದ ಮೇಲೆ ನಾನು ಆರಿಸುವುದು ಲೋಕಲ್ ಪಾಸ್ ಥರದ್ದನ್ನೇ. ಪೂರ್ತಿ ಫ್ರೀ ಬೇಡ. ತಿಂಗಳಿಗೆ ಒಂದೇ ಸಲ ಸಣ್ಣ ಮೊತ್ತ ಕಟ್ಟಿ ಲೋಕಲ್, ಬಸ್ಸು, ಮೆಟ್ರೋ ಮೂರನ್ನೂ ಹತ್ತುವ ಹಾಗಿರಬೇಕು. ಚೀಟಿ ಯಾವ ರಾಜ್ಯದ್ದು ಅಂತ ಕೇಳಬಾರದು, ಗಂಡಸರಿಗೂ ಸಿಗಬೇಕು. 2025ರ ಅಕ್ಟೋಬರ್‌ನಲ್ಲಿ ಮುಂಬೈ ಒನ್ ಅಂತ ಆಪ್ ಬಂತು. ಅದರಲ್ಲಿ ಎಲ್ಲದರ ಟಿಕೆಟ್ ಒಟ್ಟಿಗೆ ತೆಗೆಯಬಹುದು, ಆದರೆ ದರ ಮಾತ್ರ ಒಂದಕ್ಕೊಂದು ಕೂಡುತ್ತಾ ಹೋಗುತ್ತದೆ. ಅಂಥ ಪಾಸ್ ಬರುವವರೆಗೆ ನಾನು ಹೋಗುವಾಗ ಮೆಟ್ರೋ, ಬರುವಾಗ ತುರ್ತಿಲ್ಲದಿದ್ದರೆ ಬಸ್ಸು. ಮಾವ್ಶಿಗೆ ಎರಡು ಹೊತ್ತೂ ಬಸ್ಸೇ.